ಎಂಜಿನ್ನಿಗೆ ಹಾಕಿದ ಸುಣ್ಣದ ಗುರುತು

ಸ್ನೇಹಿತರೇ, ಕಾರಿನ ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಬದಲಿಸಬಹುದು ಎಂದು ವಿಡಿಯೊ ಮಾಡುವವರ ಮನೆಯಲ್ಲಿ ಸ್ಪ್ರೇ ಪಂಪ್ ಇರುವುದಿಲ್ಲ. ನಮ್ಮ ಮನೆಯಲ್ಲಿದೆ.

ಇವತ್ತು ಬೆಳಿಗ್ಗೆ ನನ್ನ ಹಳೇ ಕಾರಿನ ಬೆಲ್ಟು ಬಿಚ್ಚುವ ಮುಂಚೆ, ತೋಟದಲ್ಲಿ ಕಡಿಯಬೇಕಾದ ಮರಕ್ಕೆ ಹಾಕುವ ಹಾಗೆ, ಬೆಲ್ಟು ಸುತ್ತುವ ಎಂಜಿನ್ನಿನ ಎರಡು ಹಲ್ಲುಚಕ್ರಗಳಿಗೂ ಸುಣ್ಣದ ಗುರುತು ಹಾಕಿದೆ. ಹೊಸ ಬೆಲ್ಟು ಆ ಗುರುತಿನಿಂದ ಒಂದು ಹಲ್ಲು ಆಚೀಚೆ ಕೂತರೂ ಎಂಜಿನ್ ಹಾಳು. ನಾಳೆ ಇದೇ ಕಾರಿನಲ್ಲಿ ತವರಿಗೆ ಹೋಗಬೇಕಾದ ಹೆಂಡತಿ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು.

ಹಳೇ ಬೆಲ್ಟು ತೆಗೆದರೆ ಒಳಗೆಲ್ಲ ಎಣ್ಣೆ, ಮಣ್ಣು. ಈ ಕೊಳಕಿನ ಮೇಲೆ ಹೊಸ ಬೆಲ್ಟೇ? ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪ್ ಎಳೆದು ತಂದು ಚೆನ್ನಾಗಿ ನೀರು ಹೊಡೆದೆ, ಚಕ್ರಗಳನ್ನು ತಿರುಗಿಸಿ ತಿರುಗಿಸಿ ಒರೆಸಿದೆ. ಎಂಜಿನ್ ಫಳಫಳ ಹೊಳೆಯಿತು. ಸುಣ್ಣ ಮಾತ್ರ ಎಲ್ಲೂ ಕಾಣಲಿಲ್ಲ.

ಗೋಣಿಕೊಪ್ಪಲಿನ ಮೆಕ್ಯಾನಿಕ್ ರಜಾಕ್‌ಗೆ ಫೋನ್ ಮಾಡಿದೆ.

"ಗುರುತು ಹಾಕಿದ್ರಾ ಅಣ್ಣ?"

"ಹಾಕಿದ್ದೆ."

"ಈಗ ಎಲ್ಲುಂಟು?"

"ತೊಳ್ದೆ."

"ಇನ್ನೇನೂ ಮುಟ್ಬೇಡಿ, ಬರ್ತೇನೆ" ಅಂದ.

ಬಂದವನು ಬಗ್ಗಿ ನೋಡಿ, ಚಕ್ರಗಳ ಮೇಲೆ ಕಂಪನಿಯವರೇ ಕೊರೆದಿದ್ದ ಗುರುತುಗಳನ್ನು ತೋರಿಸಿದ. ಇಷ್ಟು ವರ್ಷ ಅವು ಕೊಳಕಿನಡಿ ಇದ್ದವಂತೆ. ಅವನ್ನೇ ಹಿಡಿದು ಬೆಲ್ಟು ಕೂರಿಸಿ ಕಾರು ಸ್ಟಾರ್ಟ್ ಮಾಡಿದ.

"ತೊಳ್ದದ್ದು ಮಾತ್ರ ಭಾರಿ ಲಾಯ್ಕಾಗಿದೆ ಅಣ್ಣ. ನಮ್ಮ ವರ್ಕ್‌ಶಾಪಲ್ಲಿ ಗಾಡಿ ತೊಳಿಯೋಕೆ ಜನವೇ ಸಿಕ್ತಿಲ್ಲ."

ನಾನು ನಕ್ಕೆ. ಹೆಂಡತಿ ನಗಲಿಲ್ಲ. "ಇವ್ರನ್ನ ಎಷ್ಟು ಗಂಟೆಗೆ ಕಳಿಸ್ಲಿ?" ಎಂದು ರಜಾಕ್‌ನನ್ನು ಕೇಳಿದಳು.