ಖಾದರ್ ಭಾಯಿಯ ಎರಡು ಪರದೆ

ಖಾದರ್ ಭಾಯಿ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಎದುರಿನವನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ, “ಅರ್ಥ ಆಯ್ತು ಬಿಡು ಮಾರಾಯ” ಎನ್ನುತ್ತಿದ್ದರು. ಅರ್ಥವಾಗಿರುತ್ತಿದ್ದುದು ಅವರು ಮೊದಲೇ ಅಂದುಕೊಂಡಿದ್ದಷ್ಟೆ. ಹಾಗಂತ ಕೆಟ್ಟ ಮನುಷ್ಯರಲ್ಲ. ಭದ್ರಾವತಿಯಿಂದ ಶಿವಮೊಗ್ಗದ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದಾಗಲೆಲ್ಲ ಒಂದು ದಪ್ಪ ಕಾಟ್ಲಾ ಮೀನು ತರುವರು. ನಾನು ಮೀನು ತಿನ್ನುವವನಲ್ಲ ಎನ್ನುವುದನ್ನೂ ಅರ್ಧಕ್ಕೇ ತಡೆದು ಮೇಜಿನ ಮೇಲಿಟ್ಟು ಹೋಗುವರು. ಪಕ್ಕದ ಟೈರ್ ಅಂಗಡಿಯವರಿಗೆ ಅಂದು ಹಬ್ಬ.

ಭದ್ರಾ ಹಿನ್ನೀರಿನಲ್ಲಿ ಅವರದೊಂದು ಮೋಟಾರ್ ದೋಣಿ ಇತ್ತು. ಮುಂದೆ ಕೂತು ಅಪ್ಪಣೆ ಕೊಡುವವರು ಇವರು. ಹಿಂದೆ ಟಾರ್ಪಾಲಿನ ಕೆಳಗೆ ಮೋಟಾರು, ಬಲೆ ನೋಡಿಕೊಳ್ಳುವವನು ತಮ್ಮ ರಫೀಕ್. ಎರಡು ಸಾವಿರದ ಇಸವಿಯ ಆಚೀಚೆ, ನೀರೊಳಗಿನ ಮೀನು ತೋರಿಸುವ ಯಂತ್ರ ಕೊಳ್ಳಲು ನನ್ನನ್ನೂ ಮಂಗಳೂರಿಗೆ ಎಳೆದುಕೊಂಡು ಹೋದರು. ಅಂಗಡಿಯವನು ವಿವರಿಸಲು ಶುರುಮಾಡಿದ್ದೇ ತಡ, ಕೈ ಮೇಲೆದ್ದಿತು. ಒಂದೇ ಥರದ್ದು ಎರಡು ಕೊಂಡರು, ತಮಗೊಂದು, ತಮ್ಮನಿಗೊಂದು.

ದೋಣಿಯ ಮುಂದೊಂದು, ಹಿಂದೊಂದು ಕೂರಿಸಿ, ನೀರಿಗಿಳಿದು ಎರಡನ್ನೂ ಹಾಕಿದರೆ ಪರದೆಯ ತುಂಬ ಬರೀ ಗೀರು. ನೀರಿಗೆ ಸದ್ದು ಕಳಿಸಿ, ಮರಳುವ ಮಾರ್ದನಿಯಿಂದ ಚಿತ್ರ ಬರೆಯುವ ಯಂತ್ರಗಳವು. ಎರಡೂ ಒಂದೇ ಸ್ವರದಲ್ಲಿ ಸದ್ದು ಕಳಿಸಿ, ಒಂದರ ಮಾರ್ದನಿಯನ್ನು ಇನ್ನೊಂದು ತನ್ನದೆಂದುಕೊಳ್ಳುತ್ತಿತ್ತು. ನಾನು ಹಿಂದಿನದರ ಸದ್ದು ನಿಲ್ಲಿಸಿ, ಮುಂದಿನದರ ಚಿತ್ರವೇ ಅದರಲ್ಲೂ ಬರುವಂತೆ ವೈರ್ ಎಳೆದುಕೊಟ್ಟೆ.

“ಅಣ್ಣ ತಮ್ಮ ಒಟ್ಟಿಗೇ ಕೂಗಿದ್ರೆ ಸಂಸಾರ ನಡಿಯುತ್ತಾ? ಒಬ್ಬ ಕೂಗ್ಲಿ, ಇಬ್ರೂ ನೋಡ್ಲಿ” ಎಂದು ಭಾಯಿ ನಕ್ಕರು.

ಮುಂದಿನ ಬೇಸಿಗೆ, ನೀರು ಇಳಿದಿದ್ದಾಗ, ಒಮ್ಮೆ ನಾನೂ ದೋಣಿಯಲ್ಲಿದ್ದೆ. “ಒಳ್ಳೇ ಹಿಂಡು, ಬಿಡೋ ಬಲೆ” ಎಂದರು ಭಾಯಿ, ಮುಂದಿನ ಪರದೆ ನೋಡಿ.

“ಭಾಯ್, ಅದು ತಳಕ್ಕೆ ಅಂಟ್ಕೊಂಡಿದೆ. ಮೀನಾದ್ರೆ ಕೆಳಗೆ ಸಂದಿ ಕಾಣ್ಬೇಕು. ಇದು ಯಾವ್ದೋ ಮರದ ಬೊಡ್ಡೆ...” ಎಂದ ರಫೀಕ್.

“ಅರ್ಥ ಆಯ್ತು, ಬಿಡು.”

ರಫೀಕ್ ಮಳೆಗಾಲವಿಡೀ ಕೂತು ಹೆಣೆದ ಬಲೆ ಅದು. ಬೊಡ್ಡೆಗೆ ಸಿಕ್ಕಿ ಚಿಂದಿಯಾಯಿತು. ಭಾಯಿ ಆಳುಗಳ ಎದುರಿಗೇ ತಮ್ಮನನ್ನು ಕೈಲಾಗದವನೆಂದು ಬೈದರು. ದಡಕ್ಕಿಳಿದ ರಫೀಕ್ ಮಲ್ಪೆಗೆ ಹೋಗಿ ಬೇರೆಯವರ ಬೋಟಿಗೆ ಸೇರಿದ. ಹಬ್ಬಕ್ಕೂ ಮನೆಗೆ ಬರಲಿಲ್ಲ. ಆ ಜೋಡಿ ಮುರಿದದ್ದು ನನಗೆ ಇವತ್ತಿಗೂ ಸಂಕಟ.

ಕೊನೆಯ ಸಲ ನಾನು ಹೋದಾಗ ಭಾಯಿ ದೋಣಿಯ ಹಿಂದೆ, ತಮ್ಮನ ಜಾಗದಲ್ಲಿ ಕೂತಿದ್ದರು.

“ಮುಂದೆ ಪರದೆಗೆ ಬಿಸ್ಲು ಬಿದ್ದು ಬರೀ ಮಚ್ಚೆ ಕಾಣೋದು ಮಾರಾಯ. ಇಲ್ಲಿ ನೆರಳು. ಸಂದಿ ಎಲ್ಲ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು. ಪಾಪ, ಅವ್ನು ಕಂಡಿದ್ದನ್ನೇ ಹೇಳ್ತಿದ್ದ. ಒಂದಿನಾನೂ ನಾನಿಲ್ಲಿ ಕೂತು ನೋಡ್ಲಿಲ್ಲ.”

“ಫೋನ್ ಮಾಡಿ ಅವನಿಗೆ ಹೇಳಿ ಭಾಯ್” ಎಂದೆ.

“ಬಕ್ರೀದ್‌ಗೆ ನಾನೇ ಹೋಗಿ ಕರ್ಕೊಂಡ್ ಬರ್ತೀನಿ. ಎದುರಿಗೇ ಹೇಳ್ತೀನಿ” ಎಂದರು.

ಬಕ್ರೀದ್ ಇನ್ನೂ ದೂರವಿರುವಾಗಲೇ ಎದೆನೋವು ಬಂದು ಹೋಗಿಬಿಟ್ಟರು. ರಫೀಕ್ ಮಲ್ಪೆಯಿಂದ ಬರುವಷ್ಟರಲ್ಲಿ ದಫನ ಮುಗಿದಿತ್ತು. ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಬೀಳ್ಕೊಡುವಾಗ ನಾನು ಅಣ್ಣನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ರಫೀಕ್ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಬಹಳ ಮೆಲ್ಲಗೆ, “ಭಾಯ್ ನಿಮ್ಗೆ ಹೇಳಿದ್ರಲ್ಲ ಸಾರ್, ನಂಗ್ಯಾಕೆ ಹೇಳ್ಲಿಲ್ಲ?” ಎಂದ.