ಅಕ್ಕನ ಕಾಯಿಲೆ, ತಂಗಿಯ ಸ್ಕ್ಯಾನು

ಕಾರು ಕಲಿಯಲು ಬಂದವರೆಲ್ಲ ಆಕೆಯನ್ನು ಕ್ಲಚ್ ಮೇಡಂ ಎನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು “ಕ್ಲಚ್! ಕ್ಲಚ್ ಒತ್ರೀ!” ಎಂದು ಕೂಗಿದರೆ, ರಸ್ತೆಯಲ್ಲಿ ನಡೆದುಹೋಗುವವರೂ ಕಾಲು ಒತ್ತಬೇಕು, ಹಾಗಿರುತ್ತಿತ್ತು ಆ ದನಿ. ಎದುರಿಗೆ ಲಾರಿ ನುಗ್ಗಿ ಬಂದರೂ ಜಗ್ಗದ ಹೆಂಗಸು. ಆಕೆಯ ಎದೆಯಲ್ಲೂ ಒಂದು ಪುಕ್ಕಲುತನ ಮನೆಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ.

ಆಕೆಯ ಅಕ್ಕನಿಗೆ ಸ್ಕಿಜೋಫ್ರೇನಿಯಾ. ಅವರ ತಾಯಿಗೂ ಅದೇ ಇತ್ತು. ಕಾಲೇಜಿನಲ್ಲಿದ್ದಾಗ ಅಕ್ಕನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತ್ತು. ಮಾತ್ರೆ ಹಿಡಿಸಿದ ಮೇಲೆ ಅಕ್ಕ ಚೇತರಿಸಿಕೊಂಡಳು, ಮನೆಯ ಯಜಮಾನಿಕೆ ಅವಳದೇ ಆಯಿತು. ತಂಗಿ ಮಾತ್ರ ಅಂದಿನಿಂದ ತನ್ನ ಮೇಲೆ ತಾನೇ ಪತ್ತೇದಾರಿಕೆ ನಡೆಸುತ್ತಿದ್ದಳು. ಬೀಗದಕೈ ಎಲ್ಲಿಟ್ಟೆನೆಂದು ಮರೆತರೆ ಎದೆ ಧಸಕ್ಕೆನ್ನುವುದು. ಬೀದಿಯಲ್ಲಿ ಯಾರೋ ಕರೆದಂತಾಗಿ ತಿರುಗಿ ನೋಡಿದಾಗ ಯಾರೂ ಕಾಣದಿದ್ದರೆ ಅಂದು ಊಟ ಸೇರದು. ಡ್ರೈವಿಂಗ್ ಸ್ಕೂಲಿನ ಮಾಲೀಕರು “ನಂಗೆ ವಯಸ್ಸಾಯ್ತಮ್ಮ, ಇದನ್ನ ನೀನೇ ನಡೆಸು” ಎಂದಾಗಲೆಲ್ಲ ಏನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು.

ಹೀಗಿರುವಾಗ ಅಕ್ಕನ ಡಾಕ್ಟರಮ್ಮ ತಂಗಿಯನ್ನೇ ಕರೆಸಿದರು. ಕಾಯಿಲೆಯವರ ಒಡಹುಟ್ಟಿದವರಲ್ಲಿ ಮೆದುಳಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಸಂಪರ್ಕ ಹೇಗಿದೆಯೆಂದು ಸ್ಕ್ಯಾನ್ ಮಾಡಿ ನೋಡುವ ಅಧ್ಯಯನವಂತೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಅವಳೆದುರು ಆಗುವುದಿಲ್ಲ ಎನ್ನಲಾಗದೆ ತಂಗಿ ಒಪ್ಪಿಕೊಂಡಳು.

ಆದರೆ ಸ್ಕ್ಯಾನಿನ ದಿನ ಆ ಯಂತ್ರದ ಸುರಂಗದೊಳಗೆ ತಲೆ ಹೋದದ್ದೇ ತಡ, ಬೇಕಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ಗುಂಡಿ ಒತ್ತಿ ಹೊರಗೆ ಬಂದುಬಿಟ್ಟಳು.

“ಉಸಿರು ಕಟ್ಟುತ್ತೆ. ನನ್ನ ಕೈಲಾಗಲ್ಲ.”

ಅಕ್ಕ ಅವಳ ಮುಖವನ್ನೇ ನೋಡಿದಳು. “ಉಸಿರಿನ ಮಾತು ಬಿಡು. ಒಳಗೆ ಏನು ಕಾಣುತ್ತೋ ಅಂತ ಭಯ, ಅಲ್ವಾ?”

“ನಂಗೂ ಬಂದ್ಬಿಟ್ರೆ ನಿನ್ನ ಯಾರಕ್ಕ ನೋಡ್ಕೊಳ್ಳೋದು?”

“ಆಗ ನಾನು ನಿನ್ನ ನೋಡ್ಕೋತೀನಿ. ಆ ಕಾಯಿಲೆ ಬಗ್ಗೆ ನನಗಿಂತ ಗೊತ್ತಿರೋರು ಮನೇಲಿ ಇನ್ಯಾರಿದಾರೆ? ಮಲಕ್ಕೋ. ಆ ಮಿಷನ್ನು ದಡಬಡ ಅಂದ್ರೆ ಅನ್ಲಿ, ನಾನಿಲ್ಲೇ ಇರ್ತೀನಿ.”

ಡಾಕ್ಟರಮ್ಮನನ್ನು ಕೇಳಿ, ಲೋಹ ಒಳಗೆ ಬರಬಾರದೆಂದು ಹೇರ್‌ಪಿನ್ನು, ಕೈಗಡಿಯಾರ ತೆಗೆದಿಟ್ಟು ಅಕ್ಕ ಸ್ಕ್ಯಾನ್ ಕೋಣೆಯೊಳಗೇ ನಿಂತಳು. ತಂಗಿಯ ಪಾದ ಹಿಡಿದ ಕೈಯನ್ನು ಕೊನೆಯವರೆಗೂ ಬಿಡಲಿಲ್ಲ.

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: “ನಿಮ್ಮೊಬ್ಬರ ಚಿತ್ರ ನೋಡಿ ಕಾಯಿಲೆ ಬರುತ್ತೆ, ಬರಲ್ಲ ಅಂತ ಹೇಳೋಕಾಗಲ್ಲ. ತುಂಬಾ ಜನರದ್ದು ಒಟ್ಟಿಗೆ ನೋಡಿದ್ರೆ, ಒಡಹುಟ್ಟಿದವರಲ್ಲೂ ಕೆಲವು ಸಂಪರ್ಕ ಸ್ವಲ್ಪ ಬೇರೆ ಥರ ಕಾಣುತ್ತೆ. ಆದ್ರೂ ಅವರಲ್ಲಿ ಹೆಚ್ಚಿನವರು ಆರೋಗ್ಯವಾಗೇ ಇರ್ತಾರೆ. ಅದು ಹೇಗೆ ಅನ್ನೋದೇ ನಮಗೆ ಬೇಕಾಗಿರೋದು. ಮತ್ತೆ, ಇದು ಸಾಮಾನ್ಯವಾಗಿ ಹರೆಯದಲ್ಲೇ ಕಾಣಿಸಿಕೊಳ್ಳುತ್ತೆ, ನಿಮ್ಮ ವಯಸ್ಸಿಗೆ ಹೊಸದಾಗಿ ಶುರುವಾಗೋದು ಕಮ್ಮಿ.”

“ಅಂದ್ರೆ ನಂಗ್ಯಾಕೆ ಹುಚ್ಚು ಹಿಡಿದಿಲ್ಲ ಅಂತ ನೋಡ್ತಿದ್ದೀರಾ?”

ಅಕ್ಕ ಕಿಸಕ್ಕನೆ ನಕ್ಕಳು. “ಇವಳ ಹತ್ರ ಕಾರು ಕಲಿಯೋರನ್ನ ಕೇಳಿ ಡಾಕ್ಟ್ರೇ, ಹಿಡಿದಿದೆ ಅಂತಾರೆ!”

ಮೂವರೂ ನಕ್ಕರು. ವರ್ಷಗಟ್ಟಲೆ ಬಿಗಿಹಿಡಿದಿದ್ದ ಏನೋ ಒಂದು ತಂಗಿಯೊಳಗೆ ಸಡಿಲವಾಯಿತು.

ಮಾರನೆಯ ವಾರವೇ ಮಾಲೀಕರಿಗೆ ಹೂಂ ಎಂದಳು. ಕಾರು ಎರಡಾಯಿತು, ಆಫೀಸಿನಲ್ಲಿ ಫೋನಿಗೆ ಅಕ್ಕ ಕೂತಳು. ಹೊಸಬರು ಹಿಂದೆಮುಂದೆ ನೋಡಿದರೆ ಈಗಲೂ ಅವಳದು ಒಂದೇ ಮಾತು: “ನಮ್ಮ ಮೇಡಂ ಬೈತಾರೆ, ನಾನು ಸುಳ್ಳು ಹೇಳಲ್ಲ. ಆದ್ರೆ ಕಲಿಸದೆ ಬಿಡಲ್ಲ. ನಾಳೆ ಬೆಳಗ್ಗೆ ಬಂದ್ಬಿಡಿ.”