ಭಾವನ ಹಸಿರು ಬಾವುಟ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಭಾವನ ಅಂಗಡಿಯ ಹುಡುಗಿ ಬಾವುಟದ ಚಿತ್ರ ತೋರಿಸಿದ್ದು ತನ್ನ ಫೋನಿನಲ್ಲೋ ಅಂಗಡಿಯ ಕಂಪ್ಯೂಟರಿನಲ್ಲೋ ಎಂದು ಯಾರಾದರೂ ಒತ್ತಿ ಕೇಳಿದರೆ ನಾನು ತಡವರಿಸುತ್ತೇನೆ. ಫೋನು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಗೌರವವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ ಉಳಿಸಿಕೊಂಡ ಪಾಠ ಅದೊಂದೇ: ಕಣ್ಣಾರೆ ಕಂಡೆ ಎನ್ನುವವರನ್ನೇ ಮೊದಲು ಅನುಮಾನಿಸಬೇಕು. ದಿನಚರಿ ಬರೆಯುವ ಅಭ್ಯಾಸವಿದ್ದರೂ ಉಪಯೋಗವಾಗಲಿಲ್ಲ. ಆ ದಿನದ ಪುಟದಲ್ಲಿ ಮಲಗುವ ಕೋಣೆಯ ಎ.ಸಿ. ನೀರು ಸೋರುವ ಬಗ್ಗೆ ಉದ್ದಕ್ಕೆ ಬರೆದಿದ್ದೇನೆ. ಬಾವುಟದ ಬಗ್ಗೆ ಒಂದಕ್ಷರವೂ ಇಲ್ಲ.

ಒಮಾನಿನ ಅಲ್ ಖುವೈರಿನಲ್ಲಿ, ಸಚಿವಾಲಯಗಳ ಎದುರಿನ ಹೆದ್ದಾರಿಯನ್ನು ದಾಟಿ ಒಳಗೆ ಬಂದರೆ ಸಿಗುವ ಗಲ್ಲಿಯಲ್ಲಿ ನನ್ನ ಭಾವನ ಅಂಗಡಿ. ಭಾವ ಎಂದರೆ ದೊಡ್ಡಕ್ಕನ ಗಂಡ. ಬೋರ್ಡು, ಬ್ಯಾನರು, ಟ್ರೋಫಿ, ಬಾವುಟ ಎಲ್ಲ ಅಲ್ಲಿ ತಯಾರಾಗುತ್ತದೆ. ನವೆಂಬರ್ ಬಂತೆಂದರೆ ಇಲ್ಲಿಯ ರಾಷ್ಟ್ರೀಯ ದಿನಕ್ಕೆಂದು ಒಮಾನಿನ ಕೆಂಪು, ಬಿಳಿ, ಹಸಿರು ಬಟ್ಟೆ ಬಾಗಿಲವರೆಗೆ ಹರಡಿರುತ್ತದೆ. ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡೇ ಭಾವ ದೇಶಗಳ ಗೌರವದ ಬಗ್ಗೆ ಭಾಷಣ ಮಾಡುತ್ತಾರೆ. ನಾನು ಬೆಳಗಿನ ಹೊತ್ತು ಹೋಗಿ ಇಂಗ್ಲಿಷ್ ಪತ್ರಗಳನ್ನು ತಿದ್ದಿಕೊಡುತ್ತಿದ್ದೆ. ಮನೆಯವರಾದ್ದರಿಂದ ಸಂಬಳದ ಮಾತಿಲ್ಲ. ಮನೆಯವರಾದ್ದರಿಂದ ಬೈಗುಳಕ್ಕೆ ಕೊರತೆಯೂ ಇಲ್ಲ.

ಭಾವನಿಗೆ ಒಂದು ಹಳೆಯ ಹೆಮ್ಮೆ ಇದೆ. ಮದುವೆಗೆ ಮೊದಲು ಅವರು ಲಿಬಿಯಾದಲ್ಲಿದ್ದರು. ಸೈನಿಕರಿಗೆ ವಸತಿ ಕಟ್ಟುತ್ತಿದ್ದ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ಸಿಮೆಂಟು ಚೀಲ ಎಣಿಸುವ ಆ ಕೆಲಸ ಇಷ್ಟು ವರ್ಷಗಳಲ್ಲಿ ಬೆಳೆಯುತ್ತಾ ಬೆಳೆಯುತ್ತಾ ಈಗ ಆ ದೇಶದ ಸೈನ್ಯವನ್ನು ಇವರೇ ನಡೆಸಿದ ಹಾಗೆ ಆಗಿದೆ. ಕುಟುಂಬದ ಯಾವ ಮದುವೆಯಲ್ಲೂ ಊಟದ ಪಂಕ್ತಿ ಮುಗಿಯುವುದರೊಳಗೆ ಲಿಬಿಯಾ ಬಂದೇ ಬರುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಅಲ್ಲಿಂದ ತಂದ ಮೇಜಿನ ಬಾವುಟವೊಂದಿದೆ. ಅಚ್ಚ ಹಸಿರು, ಮೇಲೆ ಏನೂ ಇಲ್ಲ. ಬಿಸಿಲಿಗೆ ಬಾಡಿ ಹಳೆಯ ಪರಕರದ ತುಂಡಿನ ಹಾಗೆ ಕಾಣುತ್ತದೆ.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅರಬ್ ದೇಶದ ಬಾವುಟ ಯಾವುದೇ ಇರಲಿ, ಭಾವ ಬಾಯಲ್ಲಿ ಬಣ್ಣ ಹೇಳಬೇಕು, ಡಿಸೈನ್ ಮಾಡುವವರು ಹಾಗೇ ಮಾಡಬೇಕು. ಗಿರಾಕಿಗೆ ಮಾದರಿ ಕಳಿಸಿ ಒಪ್ಪಿಗೆ ಪಡೆಯುವುದೆಂದರೆ ಭಾವನ ಪ್ರಕಾರ ಅಂಗಡಿಯ ಮರ್ಯಾದೆ ಕಳೆದಂತೆ. "ನಮಗೇ ಗೊತ್ತಿಲ್ಲ ಅಂತ ಊರಿಗೆಲ್ಲ ಹೇಳಿದ ಹಾಗೆ ಆಗ್ತದೆ," ಎನ್ನುತ್ತಿದ್ದರು.

ಡಿಸೈನ್ ಮಾಡುತ್ತಿದ್ದವಳು ಉಡುಪಿ ಕಡೆಯ ಕೊಂಕಣಿ ಹುಡುಗಿ. ಗಂಡ ಸೂರ್‌ನ ಗ್ಯಾಸ್ ಪ್ಲಾಂಟಿನ ಹತ್ತಿರ ಯಾವುದೋ ಗುತ್ತಿಗೆದಾರನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಅವನ ಸಂಬಳಕ್ಕೆ ಹೆಂಡತಿಯನ್ನು ತನ್ನ ವೀಸಾದಲ್ಲಿ ಇಟ್ಟುಕೊಳ್ಳುವ ಯೋಗ್ಯತೆ ಇರಲಿಲ್ಲ. ಅವಳು ಈ ದೇಶದಲ್ಲಿರುವುದು ಭಾವನ ಅಂಗಡಿಯ ವೀಸಾದಿಂದ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಅವನು ಇಲ್ಲಿ, ಅವಳು ಅಲ್ಲಿ. ಇದು ನಮಗೆಲ್ಲ ಗೊತ್ತಿತ್ತು. ಭಾವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹೋಟೆಲೊಂದರಲ್ಲಿ ಅರಬ್ ದೇಶಗಳ ವೈದ್ಯರ ಸಭೆ ಇತ್ತು. ಮೇಜಿಗೆ ಸಣ್ಣದು, ವೇದಿಕೆಗೆ ದೊಡ್ಡದು ಎಂದು ಎಲ್ಲ ದೇಶಗಳ ಬಾವುಟಗಳಿಗೆ ನಮ್ಮ ಅಂಗಡಿಗೆ ಆರ್ಡರ್ ಬಂತು. ಅವತ್ತು ಅಕ್ಕನೂ ಅಂಗಡಿಯಲ್ಲಿದ್ದಳು. ಭಾವನಿಗೆ ಊಟದ ಡಬ್ಬಿ ತಂದು, ಆಸ್ಪತ್ರೆಗೆ ಹೋಗಲು ಅವರ ಕಾರಿಗಾಗಿ ಕಾಯುತ್ತ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಭಾವನೂ ಇದನ್ನು ಅಲ್ಲಗಳೆದಿಲ್ಲ.

"ಸರ್, ಲಿಬಿಯಾ ನೆಟ್ಟಲ್ಲಿ ಹೀಗೆ ಬರ್ತದೆ," ಎಂದಳು ಹುಡುಗಿ. "ಕೆಂಪು, ಕಪ್ಪು, ಹಸಿರು. ನಡುವಲ್ಲಿ ಚಂದ್ರ, ನಕ್ಷತ್ರ."

"ಅದು ಬೇರೆ ಯಾವುದೋ ದೇಶ."

"ಕೆಳಗೆ ಲಿಬಿಯಾ ಅಂತಲೇ ಉಂಟು ಸರ್. ನಂಗೆ ಗೊತ್ತಿಲ್ಲ, ಇದು ಹೇಳುದು."

"ನೆಟ್ಟಲ್ಲಿ ಎಂತ ಬೇಕಾದ್ರೂ ಬರ್ತದೆ. ನಿನ್ನ ಫೋಟೋ ಹಾಕಿ ಮಿಸ್ ಇಂಡಿಯಾ ಅಂತಲೂ ಬರ್ತದೆ. ನನಗೆ ಲಿಬಿಯಾ ಹೇಳಿಕೊಡ್ತೀಯಾ? ನೀನು ಹುಟ್ಟುವ ಮೊದಲು ನಾನು ಅಲ್ಲಿಯ ಮರಳು ತಿಂದವ. ಕ್ಯಾಂಪಿನ ಗೇಟಲ್ಲಿ ಹಸಿರು, ಮಿಲಿಟರಿ ಆಫೀಸಲ್ಲಿ ಹಸಿರು, ಪರೇಡಲ್ಲಿ ಹಸಿರು. ಬರೀ ಹಸಿರು ಹಾಕು. ಯಲ್ಲಾ, ಬೇಗ!"

"ಭಾವ, ಒಂದು ಸಲ ಹೋಟೆಲಿನವರಿಗೆ ಕೇಳುವ," ಎಂದೆ ನಾನು.

"ಎಂ.ಎ. ಬಾಯಿ ಬಿಟ್ಟಿತು," ಎಂದರು ಭಾವ. ವಿಷಯ ಅಲ್ಲಿಗೆ ಖಲಾಸ್.

ಹಸಿರು ಬಟ್ಟೆಯ ರಾಜ್ಯ ಎಂದೋ ಬಿದ್ದುಹೋಗಿತ್ತು. ಅದನ್ನು ಹಾರಿಸಿದ ಸರ್ವಾಧಿಕಾರಿಯನ್ನು ಜಗತ್ತೇ ನೋಡುತ್ತಿದ್ದಂತೆ ಜನ ಬೀದಿಯಲ್ಲಿ ಎಳೆದಾಡಿದ್ದರು. ಪೇಪರು ಓದುವ ಯಾರಿಗಾದರೂ ತಿಳಿದಿದ್ದ ಸಂಗತಿ. ಭಾವ ದಿನಾ ಪೇಪರು ಓದುತ್ತಾರೆ, ಚಿನ್ನದ ದರದ ಪುಟವನ್ನು.

ಬಾವುಟಗಳು ಹೋಟೆಲಿಗೆ ಹೋದ ಮೇಲೆ ನಾನು ಕೂತು ಓದಿದೆ. ಆ ನೆಲದ ಮೇಲೆ ಏನೇನು ಹಾರಿದೆ! ನೀಲಿ ಬಟ್ಟೆಯ ಮೇಲೆ ಖರ್ಜೂರದ ಮರ ಮತ್ತು ನಕ್ಷತ್ರ ಒಂದು ಕಾಲಕ್ಕೆ. ಪೂರ್ವದ ಪ್ರಾಂತ್ಯದ ಅಮೀರನದ್ದು ಕಪ್ಪು, ಅದರಲ್ಲಿ ಬಿಳಿಯ ಚಂದ್ರ, ನಕ್ಷತ್ರ. ಅವನು ರಾಜನಾದಾಗ ಆ ಕಪ್ಪಿನ ಮೇಲೆ ಕೆಂಪು, ಕೆಳಗೆ ಹಸಿರು ಸೇರಿಕೊಂಡವು. ರಾಜನನ್ನು ಕೆಳಗಿಳಿಸಿದ ಸೈನಿಕರು ಕೆಂಪು, ಬಿಳಿ, ಕಪ್ಪು ಏರಿಸಿದರು, ಆಮೇಲೆ ಬಿಳಿಯ ಮೇಲೆ ಬಂಗಾರದ ಗಿಡುಗ ಕೂರಿಸಿದರು. ನೆರೆಯವರ ಜೊತೆ ಜಗಳವಾದಾಗ ಅದೆಲ್ಲ ತೆಗೆದು ಬರೀ ಹಸಿರು. ಕೊನೆಗೆ ತಿರುಗಿ ರಾಜನ ಕಾಲದ್ದೇ. ಸೈನ್ಯದ ಬೇರೆ ಬೇರೆ ಪಡೆಗಳದ್ದು ಬೇರೆ ಬೇರೆ. ಅವುಗಳ ಲೆಕ್ಕ ಹಿಡಿಯುವ ತಾಳ್ಮೆ ನನಗಿರಲಿಲ್ಲ. ಈಗ ಎರಡು ಸರಕಾರಗಳು ಒಂದೇ ಬಾವುಟದ ಕೆಳಗೆ ನಿಂತು ಒಂದರ ಮೇಲೊಂದು ಬಂದೂಕು ಹಿಡಿದಿವೆ. ಇಷ್ಟು ಸಲ ಬಟ್ಟೆ ಬದಲಿಸಿದ ದೇಶದ ಬಗ್ಗೆ ನಗಬೇಕೆನ್ನಿಸಿತ್ತು. ಹೋಟೆಲಿನಲ್ಲಿ ನಡೆದದ್ದನ್ನು ಕೇಳಿದ ಮೇಲೆ ಆ ನಗು ಬರಲಿಲ್ಲ.

ಅದನ್ನು ನನಗೆ ಹೇಳಿದ್ದು ಆ ಹುಡುಗಿಯೇ; ನನ್ನನ್ನು ಅವಳು ಅಕ್ಕ ಎನ್ನುತ್ತಿದ್ದಳು. ಬಾವುಟಗಳನ್ನು ಜೋಡಿಸಲು ಅವಳನ್ನೇ ಕಳಿಸಿದ್ದರು. ಲಿಬಿಯಾದಿಂದ ಬಂದಿದ್ದ ವಯಸ್ಸಾದ ಡಾಕ್ಟರೊಬ್ಬರು ತಮ್ಮ ಹೆಸರಿನ ಹಲಗೆಯ ಪಕ್ಕದಲ್ಲಿದ್ದ ಹಸಿರನ್ನು ನೋಡಿ ಮೊದಲು ತಮಾಷೆ ಎಂದುಕೊಂಡರಂತೆ. ಆಮೇಲೆ ಅದನ್ನು ಮಗುಚಿ ಇಟ್ಟು, ನಿಂತೇ ಇದ್ದರಂತೆ. "ಅಕ್ಕ, ಅವರು ಬೈಲಿಲ್ಲ. ಈ ಬಾವುಟದ ಕಾಲದಲ್ಲಿ ನನ್ನ ತಮ್ಮ ಜೈಲಿಗೆ ಹೋದವ, ಹೊರಗೆ ಬರಲಿಲ್ಲ ಅಂತ ಹೇಳಿದರು. ಇಂಗ್ಲಿಷಲ್ಲಿ, ಮೆಲ್ಲ. ನಾನು ಸಾರಿ ಅಂದೆ. ಮತ್ತೆಂತ ಹೇಳುದು?"

ಮಾರನೆಯ ದಿನ ಹೋಟೆಲಿನವರ ದೂರು ಕೇಳಿ ಕಫೀಲ್ ಬಂದ. ಅಂಗಡಿಯ ಲೈಸೆನ್ಸು, ಕೆಲಸದವರ ವೀಸಾ ಎಲ್ಲ ಅವನ ಹೆಸರಿನಲ್ಲಿದೆ; ಇಬ್ರಾ ಊರಿನ ಒಮಾನಿ, ಮೆತ್ತಗಿನ ಮನುಷ್ಯ, ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವತ್ತೂ ಏರಿಸಲಿಲ್ಲ. ತನ್ನ ದೇಶಕ್ಕೆ ಬಂದ ಅತಿಥಿಗೆ ಹೀಗಾಯಿತಲ್ಲ, ಇದನ್ನು ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ಲಿಬಿಯಾದ ಮರಳು ತಿಂದ ನನ್ನ ಭಾವ ಕ್ಷಣ ಕೂಡ ತಡಮಾಡದೆ ಕೈ ತೋರಿಸಿದರು. ಆ ಕೈ ಹುಡುಗಿಯ ಕಡೆಗಿತ್ತು. "ಅವಳು ನನಗೆ ತೋರಿಸದೆ ಪ್ರಿಂಟ್ ಮಾಡಿದ್ದು," ಎಂದರು. ಕಫೀಲ್ ಅವಳನ್ನು ನೋಡಿ, ತಿಂಗಳ ಕೊನೆಗೆ ವೀಸಾ ಕ್ಯಾನ್ಸಲ್ ಮಾಡಿ ಎಂದು ಹೊರಟ.

ಅವನ ಕಾರು ಗಲ್ಲಿ ದಾಟುವ ಮೊದಲೇ ನಾನು ಬಾಯಿ ಬಿಟ್ಟೆ. "ಭಾವ, ಅವಳು ತೋರಿಸಿದ್ದಾಳೆ. ನೀವೇ ಬೇಡ ಅಂದದ್ದು. ನಾನಿಲ್ಲೇ ಇದ್ದೆ."

"ಯಾವುದರಲ್ಲಿ ತೋರಿಸಿದ್ದು?"

"ಫೋನಲ್ಲಿ."

"ಅವಳು ಈಗ ಕಂಪ್ಯೂಟರಲ್ಲಿ ಅಂತಾಳೆ. ಮೊದಲು ನೀವಿಬ್ರೂ ಕೂತು ಒಂದು ಕಥೆ ಮಾಡಿ ಬನ್ನಿ." ಆಮೇಲೆ ನಗುತ್ತಲೇ ಅಂದರು, "ನಿನ್ನ ಅಕ್ಕನೂ ಇದ್ದಳಲ್ಲ. ಅವಳು ಹೌದು ಅಂದ್ರೆ ನಾನೇ ಕಫೀಲಿಗೆ ಫೋನ್ ಮಾಡ್ತೇನೆ. ಹೋಗಿ ಕೇಳು."

ಅಕ್ಕ ಏನು ಮಾಡುತ್ತಾಳೆಂದು ಅವರಿಗೆ ಗೊತ್ತಿತ್ತು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವರು ಆಡಿದ ಯಾವ ಸುಳ್ಳನ್ನೂ ಅವಳು ಸುಳ್ಳೆಂದವಳಲ್ಲ, ನಿಜವೆಂದವಳೂ ಅಲ್ಲ. ಇದಕ್ಕೆ ನಮ್ಮ ಕುಟುಂಬದಲ್ಲಿ ಒಳ್ಳೆಯ ಹೆಂಗಸು ಎನ್ನುತ್ತಾರೆ.

ಆದರೂ ಹೋದೆ. ಅಕ್ಕ ಅಡುಗೆಮನೆಯಲ್ಲಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ನನ್ನ ನೆನಪು ತಪ್ಪಿರಬಹುದು, ಫೋನೋ ಕಂಪ್ಯೂಟರೋ ಎನ್ನುವುದು ನನಗೇ ಈಗ ಗಟ್ಟಿಯಿಲ್ಲ ಎಂದೂ ಒಪ್ಪಿಕೊಂಡೆ. ಅವಳು ಇನ್ನೊಂದು ಮೀನು ಎತ್ತಿಕೊಂಡಳು.

"ಆ ಹುಡುಗಿಗೆ ಊರಲ್ಲಿ ಮನೆ ಉಂಟಲ್ಲ?" ಎಂದಳು.

"ಗಂಡ ಇರುವುದು ಇಲ್ಲಿ."

"ಉಪ್ಪು ಸಾಕಾ ನೋಡು," ಎಂದು ಮಸಾಲೆಯ ಬೆರಳನ್ನು ನನ್ನ ಬಾಯಿಯ ಹತ್ತಿರ ತಂದಳು.

ನಾನು ರುಚಿ ನೋಡಲಿಲ್ಲ. ಒಂದೇ ಒಂದು ಮಾತು ಕೇಳಿದೆ. ತಿಂಗಳು ಮುಗಿಯುವವರೆಗೆ ಮತ್ತೆ ಮತ್ತೆ ಕೇಳಿದೆ. ಅಡುಗೆಮನೆಯಲ್ಲಿ, ಫೋನಿನಲ್ಲಿ, ಒಮ್ಮೆ ದೇವಸ್ಥಾನದ ಮೆಟ್ಟಿಲಲ್ಲಿ. ಹುಡುಗಿಯ ವೀಸಾ ಕ್ಯಾನ್ಸಲ್ ಆಯಿತು. ಗಂಡ ಸೂರ್‌ನಿಂದ ಬಂದು ಅವಳನ್ನು ವಿಮಾನ ಹತ್ತಿಸಿ ಹೋದ. ನಾನು ಅಂಗಡಿಗೆ ಹೋಗುವುದನ್ನು ಬಿಟ್ಟೆ. ಭಾವನಿಗೆ ಅದರಿಂದ ನಷ್ಟವೇನೂ ಆಗಿಲ್ಲ, ಪತ್ರಗಳಲ್ಲಿ ತಪ್ಪು ಹೆಚ್ಚಾಗಿರಬಹುದು ಅಷ್ಟೆ. ಅಕ್ಕ ಈಗಲೂ ಮೀನು ಕಳಿಸುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ, ನನ್ನ ಮಂಡಿನೋವು ವಿಚಾರಿಸುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಅಕ್ಕ, ಹೌದು ಅನ್ನುವುದು ಬೇಡ, ಅವಳು ತೋರಿಸಿದ್ದನ್ನು ನೀನು ನೋಡಿಲ್ಲ ಅಂತಾದ್ರೂ ಒಂದು ಸಲ ಬಾಯಿ ಬಿಟ್ಟು ಹೇಳ್ತೀಯಾ?"